ಕತ್ತಲೆ ಕಾಯುವ ಲೈಟಣ್ಣ

ಬೆಳಗಿನ ಐದೂವರೆ. ಹಡಗಿನ ಹನ್ನೊಂದನೇ ಅಂತಸ್ತಿನ ತೆರೆದ ಡೆಕ್ಕಿನಲ್ಲಿ ದಪ್ಪ ಮೈಯ ಮನುಷ್ಯರೊಬ್ಬರು ಮಂಡಿಯೂರಿ ಕುಳಿತು ಒಂದು ದೀಪಕ್ಕೆ ಟೋಪಿ ತೊಡಿಸುತ್ತಿದ್ದಾರೆ. ಕಪ್ಪು ಬಟ್ಟೆಯ ಟೋಪಿ, ಅಂಚಿನಲ್ಲಿ ಲಾಡಿ. ಲಾಡಿ ಎಳೆದು, ಗಂಟು ಹಾಕಿ, ಎಲ್ಲಾದರೂ ಸಂದಿ ಉಳಿದಿದೆಯೇ ಎಂದು ಬಗ್ಗಿ ನೋಡಿ, ಜೇಬಿನಿಂದ ತೆಗೆದ ಪಟ್ಟಿಯಲ್ಲಿ ಒಂದು ಗೀಟು ಹಾಕುತ್ತಾರೆ. ಆಮೇಲೆ ‘ಅಮ್ಮಾ’ ಎನ್ನುತ್ತಾ ಮಂಡಿ ಹಿಡಿದು ಎದ್ದು ಮುಂದಿನ ದೀಪದತ್ತ ನಡೆಯುತ್ತಾರೆ. ಇಂಥವು ಒಟ್ಟು ಇನ್ನೂರ ಮೂವತ್ತಾರು. ಹತ್ತು ಗಂಟೆಯೊಳಗೆ ಅಷ್ಟಕ್ಕೂ ಟೋಪಿ ಬೀಳಬೇಕು.

ಹತ್ತು ನಲವತ್ತೇಳಕ್ಕೆ ಸೂರ್ಯ ಪೂರ್ತಿ ಮುಚ್ಚಿಹೋಗಲಿದ್ದಾನೆ. ಎರಡು ನಿಮಿಷ ನಲವತ್ತೊಂದು ಸೆಕೆಂಡಿನ ಆ ಕತ್ತಲೆ ನೋಡಲೆಂದೇ ಸಾವಿರದ ಒಂಬೈನೂರು ಜನ ಒಂದು ವರ್ಷ ಮೊದಲೇ ಟಿಕೆಟ್ ತೆಗೆದು, ಐದು ದಿನ ಸಮುದ್ರದ ಮೇಲೆ ತೇಲಿಕೊಂಡು ಇಲ್ಲಿಗೆ ಬಂದಿದ್ದಾರೆ. ಇನ್ನೂ ಬೆಳಕೇ ಸರಿಯಾಗಿ ಹರಿದಿಲ್ಲ, ಆಗಲೇ ಒಳ್ಳೊಳ್ಳೆ ಕುರ್ಚಿಗಳ ಮೇಲೆ ಟವೆಲ್ ಹಾಸಿ ಜಾಗ ಹಿಡಿದಾಗಿದೆ. ನಾನು ಬಂದದ್ದೂ ಗ್ರಹಣದ ಬಗ್ಗೆ ಬರೆಯಲಿಕ್ಕೇ. ಆದರೆ ಟೋಪಿ ಹಾಕುತ್ತಿರುವ ಈ ಮನುಷ್ಯರನ್ನು ಕಂಡ ಮೇಲೆ ಗ್ರಹಣದ ಬಗ್ಗೆ ಬರೆಯಲು ಬೇರೆ ಯಾರಾದರೂ ಇರುತ್ತಾರೆ ಅನಿಸಿ, ಇವರ ಹಿಂದೆ ಬಿದ್ದಿದ್ದೇನೆ.

ಹಡಗಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ಲೈಟಣ್ಣ ಎಂದೇ. ಇಪ್ಪತ್ತಾರು ವರ್ಷದಿಂದ ಹಡಗಿನ ಎಲೆಕ್ಟ್ರಿಷಿಯನ್. ಒಳಗೂ ಹೊರಗೂ ಸೇರಿ ಒಂಬತ್ತು ಸಾವಿರ ದೀಪಗಳು ಇವರ ಪಾಲಿಗಿವೆ. ದಿನಕ್ಕೆ ಮೂವತ್ತೈದೋ ನಲವತ್ತೋ ದೀಪ ಕೈಕೊಡುತ್ತವೆ, ಅವನ್ನು ಬದಲಾಯಿಸುವಷ್ಟರಲ್ಲಿ ಇನ್ನಷ್ಟು ಸಿದ್ಧವಾಗಿರುತ್ತವೆ. ವಯಸ್ಸು ಐವತ್ತೊಂದು, ಮಂಡಿಗಳದ್ದು ಮಾತ್ರ ಎಪ್ಪತ್ತು ಎಂದು ಅವರೇ ಹೇಳುತ್ತಾರೆ. ಊರಿನಲ್ಲಿ ಮನೆಮನೆಗೆ ವೈರಿಂಗ್ ಮಾಡಿಕೊಂಡಿದ್ದವರು, ಸಮುದ್ರ ನೋಡುವ ಆಸೆಗೆ ಹಡಗು ಹತ್ತಿದರು. ಸಿಕ್ಕಿದ್ದು ನೀರಿನ ಮಟ್ಟಕ್ಕಿಂತ ಕೆಳಗಿನ ಕೋಣೆ. ಅದಕ್ಕೆ ಕಿಟಕಿಯೇ ಇಲ್ಲ.

“ಸಮುದ್ರದ ಸದ್ದು ಕೇಳಿಸ್ತದೆ, ಸಮುದ್ರ ಕಾಣಿಸಲ್ಲ,” ಎಂದು ನಗುತ್ತಾರೆ. “ವರ್ಷಕ್ಕೆ ಎಂಟು ತಿಂಗಳು ಇಲ್ಲೇ. ಮಗಳು ಹೆಜ್ಜೆ ಇಟ್ಟಿದ್ದನ್ನೂ ಫೋನಲ್ಲೇ ಕೇಳಿದ್ದು. ನಮ್ಮನೆಯವಳು ಹೇಳ್ತಾ ಹೋದ್ಲು, ಈಗ ಒಂದು ಹೆಜ್ಜೆ, ಈಗ ಎರಡು, ಈಗ ಬಿದ್ಲು ಅಂತ.”

ದೀಪಕ್ಕೆ ಯಾಕೆ ಟೋಪಿ ಎಂಬ ಪ್ರಶ್ನೆಯನ್ನು ನನಗಿಂತ ಮೊದಲು ಕೇಳಿದ್ದು ಕಂಬಳಿ ಹೊದ್ದು ಕುಳಿತ ಒಬ್ಬ ಅಜ್ಜಿ. ಲೈಟಣ್ಣ ಗಂಭೀರವಾಗಿ “ಗ್ರಹಣ ಹಿಡಿದಾಗ ಥಂಡಿ ಆಗ್ತದೆ ಅಮ್ಮ, ಪಾಪ ಅವುಕ್ಕೂ ಬೇಕಲ್ಲ” ಎಂದರು. ಅಜ್ಜಿ ತಲೆಯಾಡಿಸಿದರು. ನಂಬಿದರೋ, ನಂಬಿದಂತೆ ಮಾಡಿದರೋ ಗೊತ್ತಾಗಲಿಲ್ಲ.

ನಿಜವಾದ ಕಾರಣಕ್ಕೆ ಹನ್ನೊಂದು ವರ್ಷ ಹಿಂದೆ ಹೋಗಬೇಕು. ಡೆಕ್ಕಿನ ದೀಪಗಳು ಕತ್ತಲಾದರೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಸಂಜೆಯ ಕತ್ತಲೆ ಯಾವುದು, ಗ್ರಹಣದ ಕತ್ತಲೆ ಯಾವುದು ಎಂದು ಅವಕ್ಕೆ ಹೇಗೆ ತಿಳಿಯಬೇಕು? ಈ ಹಡಗಿನ ಮೊದಲ ಗ್ರಹಣ ಯಾತ್ರೆಯಲ್ಲಿ ಆ ಕಡೆ ಯಾರ ಗಮನವೂ ಹೋಗಿರಲಿಲ್ಲ. ಸೂರ್ಯ ಮುಚ್ಚಿದ ಕೂಡಲೇ ದೀಪಗಳೆಲ್ಲ ಝಗ್ ಎಂದು ಹೊತ್ತಿ, ಜನ ಆಕಾಶ ಬಿಟ್ಟು ಹಡಗಿಗೆ ಬೈಯಲು ಶುರುಮಾಡಿದರು. ದೀಪ ಆರಿಸಲು ಕೆಳಗೆ ಓಡಿದ ಲೈಟಣ್ಣನಿಗೂ ಗ್ರಹಣ ಕಾಣಲಿಲ್ಲ. ಕ್ಯಾಪ್ಟನ್ ಅಧಿಕಾರಿಗಳಿಗೆ ಬೈದರು, ಅಧಿಕಾರಿಗಳು ಲೈಟಣ್ಣನಿಗೆ ಬೈದರು. “ನಾನು ಯಾರಿಗೆ ಬೈಯೋದು? ಚಂದ್ರಂಗಾ?” ಎಂದು ಕೇಳುತ್ತಾರೆ ಇವರು.

ಮೂರು ವರ್ಷದ ಬಳಿಕ ಎರಡನೇ ಯಾತ್ರೆ. ಆ ಸಲ ಡೆಕ್ಕಿನ ದೀಪಗಳ ಲೈನನ್ನೇ ಬಂದ್ ಮಾಡುವುದೆಂದು ತೀರ್ಮಾನವಾಯಿತು. ಆದರೆ ಮೆಟ್ಟಿಲುಗಳ ದೀಪವೂ ಅದೇ ಲೈನಿನಲ್ಲಿದೆ. ಕತ್ತಲಲ್ಲಿ ಯಾರಾದರೂ ಎಡವಿ ಬಿದ್ದರೆ ಆ ಕ್ಷಣವೇ ಬೆಳಕು ಬರಬೇಕು. ಹಾಗಾಗಿ ಲೈನು ಬಂದ್ ಇರುವಷ್ಟು ಹೊತ್ತೂ ಸ್ವಿಚ್ಚಿನ ಮೇಲೆ ಒಬ್ಬರ ಕೈ ಇರಲೇಬೇಕೆಂಬುದು ನಿಯಮ. ಆ ಕೈ ಯಾರದ್ದೆಂದು ಬೇರೆ ಹೇಳಬೇಕಿಲ್ಲ. ಆರು ಅಂತಸ್ತು ಕೆಳಗಿನ ಸ್ವಿಚ್ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಗೋಡೆ ಗಡಿಯಾರ ನೋಡುತ್ತಾ ಲೈಟಣ್ಣ ಗ್ರಹಣ ಮುಗಿಸಿದರು. ಮೇಲೆ ಜನ ಕೂಗಿದ್ದು ವಾಕಿಟಾಕಿಯಲ್ಲಿ ಕೇಳಿಸಿತು, ಅಷ್ಟೇ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ರಜೆಯಲ್ಲಿ ಮನೆಗೆ ಹೋದಾಗ ಹದಿನೈದು ವರ್ಷದ ಮಗಳು ಕಣ್ಣರಳಿಸಿ “ಅಪ್ಪ, ಗ್ರಹಣ ಹೇಗಿತ್ತು?” ಎಂದು ಕೇಳಿದಳು. ಪಕ್ಕದ ಮನೆಯವರೂ ಬಂದು ಕುಳಿತಿದ್ದರು. ಊಟದ ಹಾಲ್‌ನಲ್ಲಿ ಪ್ರಯಾಣಿಕರು ಆಡಿಕೊಂಡ ಮಾತನ್ನೆಲ್ಲ ಒಟ್ಟು ಹಾಕಿ, ಕಡಿಮೆ ಬಿದ್ದಲ್ಲಿ ತಮ್ಮದೂ ಸೇರಿಸಿ, ಲೈಟಣ್ಣ ಅರ್ಧ ಗಂಟೆ ವರ್ಣಿಸಿದರು. ಆಕಾಶದ ತುಂಬ ಸಾವಿರಾರು ನಕ್ಷತ್ರ ಮಿನುಗಿದವು ಎಂದೂ ಹೇಳಿಬಿಟ್ಟರು. ಮಗಳು ಅದನ್ನು ಶಾಲೆಯಲ್ಲಿ ಪ್ರಬಂಧ ಬರೆದು ಬಹುಮಾನ ತಂದಳು.

ಆ ಮಗಳು ಈಗ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೋದ ರಜೆಯಲ್ಲಿ ಪಾಠಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದವಳು ಪುಸ್ತಕದಿಂದ ತಲೆಯೆತ್ತಿ ಕೇಳಿದಳಂತೆ: “ಅಪ್ಪ, ಗ್ರಹಣದಲ್ಲಿ ಒಂದೆರಡು ಗ್ರಹ, ನಾಲ್ಕಾರು ನಕ್ಷತ್ರ ಬಿಟ್ರೆ ಬೇರೇನೂ ಕಾಣಲ್ವಂತೆ. ನೀನು ಸಾವಿರಾರು ಅಂದಿದ್ದೆ. ನಿಜ ಹೇಳು, ನೀನು ನೋಡಿದ್ಯಾ?”

“ಅವಳು ನಗ್ತಾನೇ ಕೇಳಿದ್ಳು,” ಎನ್ನುತ್ತಾರೆ ಲೈಟಣ್ಣ, ಒಂದು ಗಂಟನ್ನು ಅಗತ್ಯಕ್ಕಿಂತ ಬಿಗಿಯಾಗಿ ಎಳೆಯುತ್ತಾ. “ನಂಗೆ ನಗು ಬರ್ಲಿಲ್ಲ ಸಾರ್. ಮಗಳ ಹತ್ರ ಆಡಿದ ಸುಳ್ಳು ಅದೊಂದೇ. ಇನ್ನೆರಡು ತಿಂಗಳಿಗೆ ಹಡಗು ಬಿಟ್ಟು ಮನೆಗೆ ಹೋಗ್ತೀನಿ, ಈ ಮಂಡಿ ಇನ್ನು ಮೆಟ್ಟಿಲು ಹತ್ತಲ್ಲ. ಈ ಸಲ ನೋಡ್ಲಿಲ್ಲ ಅಂದ್ರೆ ಆ ಸುಳ್ಳು ಸುಳ್ಳಾಗೇ ಉಳಿದುಬಿಡ್ತದೆ.”

ಟೋಪಿಯ ಉಪಾಯ ಹೊಳೆದದ್ದು ಹೀಗೆ. ದೀಪ ಆರಿಸಿದರೆ ತಾನೇ ಕಾವಲು ಬೇಕು? ಉರಿಯಲಿ, ಆದರೆ ಕಾಣಿಸದಿರಲಿ. ಬೇಕಾದಾಗ ಟೋಪಿ ಕಿತ್ತರೆ ಬೆಳಕು ಅಲ್ಲೇ ಇರುತ್ತದೆ. ಹಡಗಿನ ಚಿತ್ರಮಂದಿರದ ಹಳೆಯ ಕಪ್ಪು ಪರದೆಗಳು ಸಿಕ್ಕವು. ಲಾಂಡ್ರಿಯಲ್ಲಿ ಹೊಲಿಗೆ ಕೆಲಸ ಮಾಡುವ ಅಕ್ಕ ಒಂದು ಟೋಪಿ ಹೊಲಿದುಕೊಟ್ಟರು. ಅದನ್ನು ದೀಪಕ್ಕೆ ಕಟ್ಟಿ ಒಂದಿಡೀ ದಿನ ಉರಿಸಿ, ಬಟ್ಟೆ ಬಿಸಿಯಾಗದ್ದನ್ನು ತೋರಿಸಿದ ಮೇಲೆ ಕ್ಯಾಪ್ಟನ್ ಒಪ್ಪಿದರು. ಪ್ರತಿ ಮೆಟ್ಟಿಲ ಬಳಿ ಟಾರ್ಚ್ ಹಿಡಿದು ಒಬ್ಬರು ನಿಲ್ಲಬೇಕೆಂಬುದೊಂದೇ ಷರತ್ತು. ಹೊಲಿಗೆಯಕ್ಕ ಹನ್ನೆರಡು ದಿನ ಬಿಡುವಿನ ಹೊತ್ತೆಲ್ಲ ಮಿಷನ್ ತುಳಿದರು. “ಇಪ್ಪತ್ತಾರು ವರ್ಷ ಒಬ್ಬರಿಗೂ ಟೋಪಿ ಹಾಕದೋರು, ಈಗ ನನ್ನ ಕೈಲಿ ಇನ್ನೂರ ಮೂವತ್ತಾರು ಹೊಲಿಸ್ಕೊಂಡ್ರು,” ಎನ್ನುವುದು ಅವರ ದೂರು. ದೂರುವಾಗಲೂ ಅವರ ಬಾಯಲ್ಲಿ ಗುಂಡುಸೂಜಿ ಇರುತ್ತದೆ, ಅದಕ್ಕೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಪಟ್ಟಿಯ ಕೊನೆಯ ಗೀಟು ಬೀಳುತ್ತದೆ. ಲೈಟಣ್ಣ ಕೈ ತೊಳೆದು, ತಲೆ ಬಾಚಿಕೊಂಡು, ಹಿಂಭಾಗದ ಡೆಕ್ಕಿಗೆ ಬರುತ್ತಾರೆ. ಯಾರನ್ನೋ ಭೇಟಿಯಾಗಲು ಹೊರಟವರ ಹಾಗೆ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಾರೆ. ಸಿಬ್ಬಂದಿಗೆ ನಾಲ್ವರಿಗೊಂದರಂತೆ ಕೊಟ್ಟ ಕಪ್ಪು ಕನ್ನಡಕದಲ್ಲಿ ಸರದಿ ಪ್ರಕಾರ ನೋಡುತ್ತಾರೆ. ಸೂರ್ಯ ಕರಗುತ್ತಾ ಕರಗುತ್ತಾ ಉಗುರಿನಷ್ಟಾಗುತ್ತಾನೆ. ಗಾಳಿ ತಣ್ಣಗಾಗುತ್ತದೆ. ನೀರಿಗೆ ಸೀಸದ ಬಣ್ಣ ಬರುತ್ತದೆ.

ಇನ್ನು ನಾಲ್ಕೇ ನಿಮಿಷ ಎನ್ನುವಾಗ ನಮ್ಮ ಬೆನ್ನ ಹಿಂದೆ ಒಂದು ದೀಪ ಹೊತ್ತಿಕೊಳ್ಳುತ್ತದೆ.

ಐಸ್‌ಕ್ರೀಮ್ ಅಂಗಡಿಯ ಹೊರಗೋಡೆಯಲ್ಲಿ ಎದೆಮಟ್ಟಕ್ಕೆ ಕೂರಿಸಿದ ಹೊಸ ದೀಪ. ಲೈಟಣ್ಣ ರಜೆಯಲ್ಲಿದ್ದಾಗ ಯಾರೋ ಹಾಕಿ ಹೋಗಿದ್ದಾರೆ, ಪಟ್ಟಿಗೆ ಸೇರಿಸಿಲ್ಲ. ಕ್ಯಾಮೆರಾ ಹೂಡಿ ಕುಳಿತ ಮುನ್ನೂರು ಜನ ಒಂದೇ ದನಿಯಲ್ಲಿ “ಲೈಟು, ಲೈಟು” ಎಂದು ಅರಚುತ್ತಾರೆ. ಟೋಪಿ ಒಂದೂ ಉಳಿದಿಲ್ಲ. ಲೈಟಣ್ಣನ ಮುಖದ ಬಣ್ಣವೇ ಇಳಿದುಹೋಗುತ್ತದೆ. ಮೆಟ್ಟಿಲ ಕಡೆ ತಿರುಗುತ್ತಾರೆ.

“ಎಲ್ಲಿಗೆ?” ಎಂದು ಅಡ್ಡ ನಿಲ್ಲುತ್ತಾರೆ ಹೊಲಿಗೆಯಕ್ಕ.

“ಸ್ವಿಚ್ ಕೋಣೆಗೆ. ಇನ್ನೇನು ಮಾಡ್ಲಿ?”

“ಇಷ್ಟಗಲ ಬೆನ್ನು ಇಟ್ಕೊಂಡು ಕೆಳಗೆ ಯಾಕೆ ಓಡ್ತೀರಿ? ಹೋಗಿ ಗೋಡೆಗೆ ಒರಗಿ ನಿಂತ್ಕೊಳ್ಳಿ.”

ಲೈಟಣ್ಣ ಒಂದು ಗಳಿಗೆ ಅವರ ಮುಖವನ್ನೇ ನೋಡುತ್ತಾರೆ. ಆಮೇಲೆ ಹೋಗಿ ದೀಪಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಹಿಂದೆ ಮಾಡಿ, ಒತ್ತಿ ನಿಲ್ಲುತ್ತಾರೆ. ಬೆಳಕು ಒಂದು ಎಳೆಯೂ ಆಚೆ ಬರುವುದಿಲ್ಲ. ಸೂರ್ಯ ಸರಿಯಾಗಿ ಅವರ ಎದುರಿಗೇ ಇದ್ದಾನೆ.

ಕತ್ತಲಾಗುತ್ತದೆ. ಸೂರ್ಯನಿದ್ದ ಜಾಗದಲ್ಲಿ ಒಂದು ಕಪ್ಪು ಬಿಲ್ಲೆ, ಅದರ ಸುತ್ತ ಬೆಳ್ಳಿ ಕೂದಲು ಹರಡಿದಂತೆ ಬೆಳಕು. ನನ್ನ ಪಕ್ಕದವರು ಅಳುತ್ತಿದ್ದಾರೆ. ಲೈಟಣ್ಣನ ಕಡೆ ತಿರುಗಿದರೆ, ಅವರು ಆಕಾಶವನ್ನೇ ನೋಡುತ್ತಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ ಎಲ್ಲಿ ಹೋಗಬೇಕು? ಡೆಕ್ಕಿನ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸುತ್ತಾ, ಇನ್ನೆಲ್ಲಾದರೂ ದೀಪ ಹೊತ್ತಿತೇ ಎಂದು ಹುಡುಕುತ್ತಿದ್ದಾರೆ. ಹೊಲಿಗೆಯಕ್ಕ ಅವರ ಗಲ್ಲ ಹಿಡಿದು ಮುಖ ಮೇಲೆತ್ತುತ್ತಾರೆ. “ಲೈಟು ನಾನು ನೋಡ್ಕೊಳ್ತೀನಿ. ನೀವು ಅಲ್ಲಿ ನೋಡಿ ಅಣ್ಣ.”

ಉಳಿದ ಎರಡು ನಿಮಿಷ ಅವರು ಅಲುಗಾಡುವುದಿಲ್ಲ.

ಸೂರ್ಯನ ಅಂಚು ಮತ್ತೆ ಮಿಂಚಿ, ಜನ ಚಪ್ಪಾಳೆ ತಟ್ಟಿ, ಒಬ್ಬೊಬ್ಬರೇ ಊಟಕ್ಕೆ ಇಳಿಯುತ್ತಾರೆ. ಲೈಟಣ್ಣನಿಗೆ ಈಗ ಇನ್ನೂರ ಮೂವತ್ತಾರು ಗಂಟು ಬಿಚ್ಚುವ ಕೆಲಸ. ಬೆಳಗಿನ ಆ ಕಂಬಳಿಯ ಅಜ್ಜಿ ನೆನಪಿಗೆಂದು ಒಂದು ಟೋಪಿ ಕೇಳಿ ಪಡೆಯುತ್ತಾರೆ. ನಾನು ಏನು ಕೇಳಿದರೂ ಲೈಟಣ್ಣ “ಹ್ಞೂಂ” ಎನ್ನುತ್ತಾರೆ. ಬೆಳಿಗ್ಗೆಯಿಂದ ಒಂದೇ ಸಮನೆ ಮಾತಾಡುತ್ತಿದ್ದ ಮನುಷ್ಯ ಇವರೇನಾ ಅನಿಸುತ್ತದೆ.

ಮಧ್ಯಾಹ್ನ ಎರಡಕ್ಕೆ ಸಿಬ್ಬಂದಿಯ ಫೋನ್ ಬೂತಿನ ಮುಂದೆ ಅವರ ಸರದಿ ಬರುತ್ತದೆ. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನಿನ ದನಿ ಜೋರಾಗಿಯೇ ಇದೆ. ಪಕ್ಕದಲ್ಲಿ ನಿಂತ ನನಗೂ ಮಗಳ ಮಾತು ಕೇಳಿಸುತ್ತದೆ.

“ನೋಡಿದ್ಯಾ ಅಪ್ಪ?”

“ನೋಡ್ದೆ ಕಣಮ್ಮ.”

“ಹೇಳು ಮತ್ತೆ, ಹೇಗಿತ್ತು?”

ಲೈಟಣ್ಣ ಬಾಯಿ ತೆರೆಯುತ್ತಾರೆ. “ಅದು... ಮಧ್ಯದಲ್ಲಿ ಕಪ್ಪಗೆ... ಸುತ್ತ ಒಂಥರಾ...” ಕೈಯಿಂದ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸುತ್ತಾರೆ, ಫೋನಿನ ಆ ಕಡೆಯವಳಿಗೆ ಅದು ಕಾಣುತ್ತದೆ ಎಂಬಂತೆ. ಕೈ ಇಳಿಸುತ್ತಾರೆ. “ಏನಂತ ಹೇಳ್ಲಿ ಮಗಳೇ. ಹೇಳೋಕೇ ಬರ್ತಿಲ್ಲ.”

ಆ ಕಡೆಯಿಂದ ಮೆಲ್ಲಗೆ ನಗು.

“ಹಾಗಾದ್ರೆ ಈ ಸಲ ನಿಜವಾಗ್ಲೂ ನೋಡಿದ್ದೀಯ ಬಿಡು.”

ಲೈಟಣ್ಣ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗುತ್ತಾರೆ. ಕಣ್ಣು ತುಂಬಿವೆ.

“ಒಪ್ಕೊಂಡ್ಳು ಸಾರ್,” ಎನ್ನುತ್ತಾರೆ. “ಬರ್ಕೊಳ್ಳಿ.”