ಅತ್ತೆಯ ಹದಿನಾರನೇ ಸೋಮವಾರ

ಅರಳಗುಪ್ಪೆಯ ನಮ್ಮ ಬೀದಿಗೆ ಟಿ.ವಿ. ಇನ್ನೂ ಕಾಲಿಟ್ಟಿರದ ಕಾಲ ಅದು. ವಾರದಲ್ಲಿ ಒಂದು ದಿನವಾದರೂ ಮನೆಯಲ್ಲಿ ಯಾರಾದರೊಬ್ಬರು ಒಪ್ಪೊತ್ತು ಇರುತ್ತಿದ್ದರು. ಒಪ್ಪೊತ್ತು ಎಂದರೆ ದಿನಕ್ಕೆ ಒಂದೇ ಊಟ, ಅದೂ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗುವಂತಿಲ್ಲ. ಈಗ ನೆನೆಸಿಕೊಂಡರೇ ನನಗೆ ಸುಸ್ತಾಗುತ್ತದೆ.

ನನಗಾಗ ಒಂಬತ್ತು ವರ್ಷ. ಅಪ್ಪನ ತಂಗಿ ಗೌರತ್ತೆಯನ್ನು ಅವಳ ಗಂಡ ಯುಗಾದಿಗೆಂದು ತವರಿಗೆ ತಂದು ಬಿಟ್ಟವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಆ ಮನೆಯವರಿಗೆ ಸಿಟ್ಟು. ಅಪ್ಪ ಎರಡು ಸಲ ಅವರೂರು ಕಿಬ್ಬನಹಳ್ಳಿಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಬಂದರು. ಕೊನೆಗೆ ಅಜ್ಜಿ, "ಹದಿನಾರು ಸೋಮವಾರ ಒಪ್ಪೊತ್ತು ಹಿಡಿ ಮಗ. ಶಿವ ಕಣ್ಬಿಟ್ರೆ ಅವನೇ ಬಂದು ಕರ್ಕೊಂಡೋಗ್ತಾನೆ" ಎಂದಳು. ಮಧ್ಯೆ ಒಂದು ವಾರ ಕೆಟ್ಟರೂ ಮತ್ತೆ ಮೊದಲಿನಿಂದ ಹಿಡಿಯಬೇಕು.

ಅತ್ತೆ ಹಿಡಿದಳು. ಸೋಮವಾರ ಮಧ್ಯಾಹ್ನ ನಾವೆಲ್ಲ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಉಣ್ಣುವಾಗ ಆ ಘಮಲು ತಡೆಯಲಾರದೆ ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ನಾನು ಹಿಂದೆಯೇ ಹೋದರೆ, "ಏನ್ ಸಾರೇ ಇವತ್ತು?" ಎಂದು ಕೇಳುವಳು. ಹೇಳಿದರೆ, "ಥೂ ಹೋಗೇ, ಯಾಕ್ ಹೇಳ್ದೆ?" ಎಂದು ನಗುವಳು. ಹತ್ತು ವಾರ ಕಳೆಯುವಷ್ಟರಲ್ಲಿ ಆ ನಗುವೂ ನಿಂತಿತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಹದಿನಾರನೇ ಸೋಮವಾರ ಬಂತು. ಆ ಹೊತ್ತಿಗೇ ಅಟ್ಟದ ಮೇಲೆ ವರ್ಷ ಒಣಗಿದ್ದ ಕಾಯಿಗಳನ್ನು ಇಳಿಸಿ ಅಂಗಳದಲ್ಲಿ ರಾಶಿ ಹಾಕಿದ್ದರು. ಮಾರನೇ ದಿನವೇ ಕೊಬ್ಬರಿ ತಿಪಟೂರಿಗೆ ಹೋಗಬೇಕು. ಅಜ್ಜಿ, ಅತ್ತೆ, ನಾನು ಮೂವರೂ ಚಿಪ್ಪು ಬಿಡಿಸುತ್ತ ಕೂತಿದ್ದೆವು. ಏಟು ಜೋರಾಗಿ ಒಡೆದ ಕೊಬ್ಬರಿಯನ್ನು ಒಂದು ಚೂರು ಬಾಯಿಗೆ ಹಾಕಿಕೊಂಡು ಕಮಟಾಗಿದೆಯೇ ಎಂದು ನೋಡುವುದು ನಮ್ಮ ಕಡೆ ಎಲ್ಲರಿಗೂ ಅಭ್ಯಾಸ. ಅದನ್ನು ಯಾರೂ ತಿನ್ನುವುದು ಎಂದುಕೊಳ್ಳುವುದಿಲ್ಲ, ಅದು ಕೆಲಸ. ಅಜ್ಜಿ ಕೆಲಸದ ಭರದಲ್ಲಿ ಒಂದು ಚೂರು ಮುರಿದು, "ಗೌರಿ, ನೋಡೇ ಇದ್ನ" ಎಂದು ಚಾಚಿದಳು. ಅತ್ತೆ ತಿರುಗಿಯೂ ನೋಡದೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು. "ಚೆನ್ನಾಗೈತೆ ಕಣವ್ವ" ಎಂದಳು.

ಆಮೇಲೆ ಅವಳ ಕೈ ನಿಂತಿತು. ನಾನು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದೆ. ಅಜ್ಜಿ ತಲೆ ತಗ್ಗಿಸಿ ಮುಂದಿನ ಕಾಯಿ ಎತ್ತಿಕೊಂಡಿದ್ದಳು.

ಸಂಜೆ ಬಚ್ಚಲ ಒಲೆಯ ಮುಂದೆ ಅತ್ತೆ ನನ್ನ ಕೈ ಹಿಡಿದುಕೊಂಡಳು. "ಪುಟ್ಟಿ, ಅವ್ವುಂಗೆ ಹೇಳ್ಬ್ಯಾಡ ಕಣೇ. ಇನ್ನೊಂದ್ ಹದಿನಾರು ವಾರ ನನ್ ಕೈಲಾಗಲ್ಲ. ಸಾಕಾಗೋಗೈತೆ."

ನಾನು ಹೇಳಲಿಲ್ಲ. ಆದರೆ ಮಾವ ಬರಲೂ ಇಲ್ಲ. ಕಿಬ್ಬನಹಳ್ಳಿ ಕಡೆಯಿಂದ ಬಸ್ಸು ಬಂದಾಗಲೆಲ್ಲ ಓಡಿ ಹೋಗಿ ನೋಡುತ್ತಿದ್ದೆ. ಅವನು ಇಳಿಯುತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೇ ಅತ್ತೆಯ ಸಂಸಾರ ಹಾಳಾಯಿತು ಎಂದು ನಂಬಿಬಿಟ್ಟಿದ್ದೆ. ಸಂಕ್ರಾಂತಿಗೆ ಕೊಬ್ಬರಿ ಚೂರು ಬೆರೆಸಿದ ಎಳ್ಳು ಬೆಲ್ಲದ ಬಟ್ಟಲನ್ನು ಅಜ್ಜಿ ನನ್ನ ಕೈಗೆ ಕೊಟ್ಟಾಗ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅಳುತ್ತ ಎಲ್ಲ ಹೇಳಿದೆ.

ಅಜ್ಜಿಗೆ ಸಿಟ್ಟೇ ಬರಲಿಲ್ಲ. "ನಂಗೊತ್ತು ಬುಡು. ಕೊಟ್ಟೋಳು ನಾನೇ ಅಲ್ವೇನೇ? ಅವಳು ನುಂಗಿದ್ಮೇಲೇ ನಂಗೂ ಗ್ಯಾನ ಬಂದಿದ್ದು" ಎಂದಳು.

"ಮತ್ಯಾಕಜ್ಜಿ ಹೇಳ್ಲಿಲ್ಲ?"

"ಹೇಳಿದ್ರೆ ಇನ್ನೊಂದ್ ಹದಿನಾರು ವಾರ ಉಪಾಸ ಬೀಳೋಳು. ಸತ್ತೇ ಹೋಗೋಳು ಕಣೇ. ಅದ್ಕೇ ಅವಳ ಬದ್ಲು ನಾನ್ ಹಿಡಿದಿದೀನಿ. ಬಾಯ್ ಬಿಟ್ಟೀಯ, ಜ್ವಾಕೆ."

ಆಗ ನೆನಪಾಯಿತು. ಎಷ್ಟೋ ವಾರಗಳಿಂದ ಸೋಮವಾರ ಮಧ್ಯಾಹ್ನ ಅಮ್ಮ ಬಡಿಸಲು ಕರೆದರೆ, "ಹೊಟ್ಟೆ ಸರಿಯಿಲ್ಲ, ನೀವುಣ್ರಿ" ಎನ್ನುತ್ತ ಅಜ್ಜಿ ಕಂಬಕ್ಕೊರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅರವತ್ತೈದು ದಾಟಿದ ಮುದುಕಿ.

ಅಜ್ಜಿಯ ಹದಿನಾರೂ ಮುಗಿದವು. ಯಾರೂ ಬರಲಿಲ್ಲ. ಅತ್ತೆ ಹೊಲಿಗೆ ಕಲಿತು ನಮ್ಮ ಮನೆಯಲ್ಲೇ ಉಳಿದಳು, ತನ್ನ ಬದಲಿಗೆ ಯಾರು ಹಸಿದಿದ್ದರೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಶಿವನ ಮೇಲೆ ನನಗೆ ಆಗ ಬಂದ ಮುನಿಸು ಪೂರ್ತಿ ಹೋಗಿಲ್ಲ. ಇಬ್ಬರ ಹಸಿವು ಸಾಲಲಿಲ್ಲವೇನೋ ನಿನಗೆ ಎಂದು ಇವತ್ತಿಗೂ ಕೇಳಬೇಕೆನಿಸುತ್ತದೆ.

ಈಗ ಅವರಿಬ್ಬರೂ ಇಲ್ಲ. ಮೂರು ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ಕೂರುತ್ತೇನೆ. ಸುತ್ತ ಕೂತವರೆಲ್ಲ ತಮ್ಮ ತಮ್ಮ ರಕ್ತಕ್ಕಾಗಿ ಹಸಿದವರೇ. ಹೊರಗೆ ಬಂದು ಎರಡು ಇಡ್ಲಿ ತಿನ್ನುತ್ತೇನೆ, ಹೊಟ್ಟೆ ತುಂಬುತ್ತದೆ. ನನಗಾಗಿ ಒಂದು ಹೊತ್ತು ಊಟ ಬಿಟ್ಟು, ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳುವವರು ಈಗ ಯಾರೂ ಇಲ್ಲ.