ಸುಣ್ಣದ ಗೆರೆ ಮುಳುಗಿದ ಹೊತ್ತು

ನಿಮ್ಮ ಈ ಅಜ್ಜಿಯ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರದ ಕಾಲ, ಮಕ್ಕಳೇ. ಬುಟ್ಟಿ ಹೊರುವವನ ಮಗಳು ಓದಿ ಮುಂದೆ ಬರುವುದು ಸಾಧ್ಯವೇ ಇಲ್ಲ ಎಂದವನು ಮರಳಿನ ಠೇಕೇದಾರ. ಪುಣೆಯ ಮುಳಾ ನದಿಯಲ್ಲಿ, ರೈಲು ಸೇತುವೆಯ ಕೆಳಗೆ, ಅಪ್ಪ ಅವನಿಗಾಗಿ ಮರಳು ತೆಗೆಯುತ್ತಿದ್ದ.

ನಾನು ಅಪ್ಪನ ತಂಬಾಕಿನ ಡಬ್ಬಿಯಿಂದ ಸುಣ್ಣ ಕದ್ದು ಸೇತುವೆಯ ಕಂಬದ ಮೇಲೆ ಗೇಣಿಗೊಂದು ಗೆರೆ ಎಳೆದಿದ್ದೆ. ನೀರು ಎಷ್ಟು ಗೆರೆ ಇಳಿಯಿತು, ಎಷ್ಟು ಏರಿತು ಎಂದು ನೋಡುವುದೇ ನನ್ನ ಆಟ.

ಶ್ರಾವಣದ ಆ ಬೆಳಿಗ್ಗೆ ಚುರುಗುಟ್ಟುವ ಬಿಸಿಲಿತ್ತು. ಮೇಲೆ ಘಟ್ಟದ ಲೋಣಾವಳಾ ಕಡೆಯಿಂದ ಬಂದ ರೈಲು ತಲೆಯ ಮೇಲೆ ಹಾದಾಗ ಮುಖಕ್ಕೆ ಹನಿಗಳು ಬಿದ್ದವು. ಇಲ್ಲಿ ಬಿಸಿಲು, ರೈಲು ಮಾತ್ರ ತೊಯ್ದು ತೊಪ್ಪೆ! ಕಂಬ ನೋಡಿದೆ. ಒಂದು ಗೆರೆ ಮುಳುಗಿತ್ತು. ಅಪ್ಪ ಎರಡು ಬುಟ್ಟಿ ತುಂಬುವಷ್ಟರಲ್ಲಿ ಇನ್ನೊಂದು.

"ಅಪ್ಪಾ, ಹೊಳಿ ಬಂತು! ಹೊಳಿ ಬಂತು!" ಎಂದು ಚೀರಿದೆ. ನಮ್ಮ ಬೆಳಗಾವಿ ಕಡೆ ಹೊಳಿ ಎಂದರೆ ನದಿ. ಹೊಳಿ ಬಂತು ಎಂದರೆ ಪ್ರವಾಹ. ಮರಾಠಿ ಕಿವಿಗೆ ಅದು ಬಣ್ಣದ ಹಬ್ಬ. "ಶ್ರಾವಣಾತ್ ಹೋಳೀ?" ಎಂದು ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಕೆಲಸ ನಿಂತಿತೆಂದು ಠೇಕೇದಾರ ನನ್ನ ಕೆನ್ನೆಗೆ ಬಾರಿಸಿದ. ಅಲುಗುತ್ತಿದ್ದ ಹಲ್ಲು ರಕ್ತದ ಜೊತೆ ಅಂಗೈಗೆ ಬಂತು.

ಅಪ್ಪ ನನ್ನ ಬಾಯಿ ನೋಡಲಿಲ್ಲ, ಕಂಬ ನೋಡಿದ. ಬುಟ್ಟಿ ಎಸೆದು, "ಪಾಣೀ ಆಲಂ! ಪಳಾ!" ನೀರು ಬಂತು, ಓಡಿ ಎಂದು ಮರಾಠಿಯಲ್ಲಿ ಕೂಗುತ್ತ ಎಲ್ಲರನ್ನೂ ದಂಡೆಗೆ ತಳ್ಳತೊಡಗಿದ.

ಕೆಂಪು ನೀರು ಗರ್ಜಿಸುತ್ತ ಬಂತು. ಬೇರು ಸಮೇತ ಕಿತ್ತ ಮರಗಳು, ಸತ್ತ ಎಮ್ಮೆ, ಯಾರದೋ ಮನೆಯ ಬಾಗಿಲು. ನೊಗ ಬಿಚ್ಚದ ಠೇಕೇದಾರನ ಎತ್ತುಗಳು ಗಾಡಿ ಸಮೇತ ಉರುಳಿದವು; ಅವುಗಳ ಕೂಗು ಕಂಬಕ್ಕೆ ಬಡಿದು ಒಮ್ಮೆಲೇ ನಿಂತಿತು. ಎಲ್ಲರಿಗಿಂತ ಕೊನೆಗೆ ಹತ್ತಿ ಬಂದ ಅಪ್ಪನ ಹೆಗಲಿಗೆ ದಿಮ್ಮಿಯೊಂದು ಅಪ್ಪಳಿಸಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆಳುಗಳೆಲ್ಲ ಬದುಕುಳಿದರು. ಅಪ್ಪನ ಬಲಗೈ ಮತ್ತೆ ಮೇಲೇಳಲಿಲ್ಲ.

ಘಟ್ಟದ ಮಳೆ ನಮ್ಮ ಕಂಬ ಮುಟ್ಟಲು ಎಷ್ಟು ಹೊತ್ತು ಬೇಕೆಂಬುದೂ ಒಂದು ಶಾಸ್ತ್ರವೆಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತೆ. ನಮ್ಮ ಮನೆತನದಲ್ಲಿ ಆ ಮೆಟ್ಟಿಲು ಹತ್ತಿದ ಮೊದಲಿಗಳು ನಾನೇ; ಹೆಮ್ಮೆಯಿಂದಲೇ ಹೇಳುತ್ತೇನೆ. ಈಗ ಇದೇ ಪುಣೆಯ ವಿಮಾನ ನಗರದ ಏಳನೇ ಮಹಡಿಯಲ್ಲಿ ನಿಮ್ಮ ಮೊಬೈಲು ಗುಂಯ್‌ಗುಟ್ಟಿ ನದಿ ಏರುತ್ತಿದೆ ಎನ್ನುತ್ತದೆ. ನೀವು ಅದನ್ನು ಬೆರಳಲ್ಲಿ ಸರಿಸಿ ಆಟ ಮುಂದುವರಿಸುತ್ತೀರಿ. ಆ ಸುದ್ದಿಯ ಹಿಂದೆಯೂ ಎಲ್ಲೋ ಒಂದು ಕಂಬ, ಅದರ ಮೇಲೆ ಗೆರೆಗಳು ಇವೆ.

ನನ್ನ ಪದವಿ ಪತ್ರದ ಮೂಲೆಯಲ್ಲಿ ಬಿಳಿ ಕಲೆ ಏಕೆಂದು ಕೇಳುತ್ತೀರಲ್ಲ? ಅದು ಅಪ್ಪನ ಹೆಬ್ಬೆರಳಿನ ಸುಣ್ಣ. ಪತ್ರ ಕೈಗಿಟ್ಟ ದಿನ ಎಡಗೈಯಲ್ಲಿ ತಲೆಕೆಳಗಾಗಿ ಹಿಡಿದು, ಬಹಳ ಹೊತ್ತು ನೋಡಿ, ಅಪ್ಪ ಕೇಳಿದ:

"ಇನ್ನ ನೀ ಹೊಳಿ ಬಂತು ಅಂದ್ರ ಯಾರೂ ನಗಂಗಿಲ್ಲಲ್ಲ, ಮಗಳ? ಓಡತಾರಲ್ಲ?"