ಕಲ್ಲಿನ ಹೋರಿಯ ಬೆನ್ನು

ಸೊಸೆ ಗಿಣ್ಣ ಕಾಯಿಸಲು ಇಟ್ಟರೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಈದ ಆಕಳ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆತ ಆ ಬಿಸಿ ವಾಸನೆಗೆ ಕೊಡೇಕಲ್ ಊರಿನಾಚೆಯ ನಮ್ಮ ದನದ ದೊಡ್ಡಿ, ಆಯಿಯ ಕಂಬಳಿ, ಕಾಲುದಾರಿಯ ಬಳಿ ಮೊಣಕಾಲೆತ್ತರ ನಿಂತಿದ್ದ ಕಲ್ಲಿನ ಹೋರಿ ಕಣ್ಣ ಮುಂದೆ ಬರುತ್ತವೆ. “ಇದನ್ನ ಕಡದವರೂ ನಮ್ಮಂಗ ದನ ಕಾದವರವ್ವಾ. ಊರಿಲ್ಲ, ಕೇರಿಲ್ಲ, ದನಾನ ಅವರ ಮನಿ,” ಎನ್ನುತ್ತಿದ್ದಳು ಆಯಿ, ನನ್ನ ಅಪ್ಪನ ತಾಯಿ. ಪಕ್ಕದ ಬೂದಿದಿಬ್ಬ ಆ ಜನ ಸುಟ್ಟ ಸಗಣಿಯದೆಂದು, ಸಾವಿರಾರು ವರ್ಷ ಹಳೆಯದೆಂದು ಕಾಲೇಜಿನಲ್ಲಿ ಓದಿದಾಗ ಆಯಿಯೇ ನೆನಪಾದಳು. ನಮ್ಮಲ್ಲಿ ಯಾವ ಆಕಳು ಈದರೂ ಮೊದಲ ಹಾಲನ್ನು ಮನೆಯ ಹೆಣ್ಣುಮಗು ಆ ಹೋರಿಯ ಬೆನ್ನಿಗೆ ಎರೆಯಬೇಕು. ಇಲ್ಲದಿದ್ದರೆ ಕರು ಉಳಿಯದೆಂಬ ನಂಬಿಕೆ.

ನಿಜಾಮರ ಆಳ್ವಿಕೆಯ ಕೊನೆಯ ತಿಂಗಳುಗಳು. ಬಂದೂಕು ಹಿಡಿದವರು ಊರೂರು ಸುಲಿಯುತ್ತಿದ್ದರು. ಅಪ್ಪ ದನಗಳನ್ನೂ ನಮ್ಮನ್ನೂ ಗುಡ್ಡದ ಹಿಂದಿನ ಕೊಳ್ಳದಲ್ಲಿ ಅಡಗಿಸಿದ್ದ. ಆ ಜಾಗ ಗೊತ್ತಿದ್ದ ಹೊರಗಿನವನೆಂದರೆ ಉಪ್ಪು, ಜೋಳ ತಂದುಕೊಡುತ್ತಿದ್ದ ಮೌಲಾಸಾಬ ಒಬ್ಬನೇ. ಅವನು ಬೆನ್ನು ತಿರುಗಿಸಿದೊಡನೆ ಅಪ್ಪ ಗೊಣಗುತ್ತಿದ್ದ: “ಇವತ್ತ ಉಪ್ಪು ತಂದಾನ, ನಾಳಿ ಯಾರ್ನ ಕರ್ಕೊಂಡ ಬರ್ತಾನೋ.”

ಒಂದು ಬೆಳಿಗ್ಗೆ ನಮ್ಮ ಕೆಂದಿ ಈದಳು. “ಈ ಸಲ ಹಾಲು ಎರಿಯೂದು ಬ್ಯಾಡ. ಹೊರಗ ಕಾಲಿಟ್ಟಿ ಅಂದ್ರ ನೋಡು,” ಎಂದಳು ಆಯಿ. ಕರು ಎದ್ದು ನಿಲ್ಲಲಾರದೆ ನಡುಗುತ್ತಿತ್ತು. ನಾನು ಹಾಲಿನ ಬಟ್ಟಲನ್ನು ಪರಕಾರದಲ್ಲಿ ಮುಚ್ಚಿಕೊಂಡು ಓಡಿಹೋಗಿ ಕೊಳ್ಳದ ಬಾಯಲ್ಲಿದ್ದ ಹೋರಿಗೆ ಎರೆದೆ. ತಿರುಗುವಷ್ಟರಲ್ಲಿ ಕುದುರೆಗಳ ಸದ್ದು. ಬಂಡೆಯ ಮರೆಗೆ ಕೂತೆ. ಒಬ್ಬ ಕೆಳಗಿಳಿದು ಹೋರಿಯ ಹಸಿ ಬೆನ್ನು ಮುಟ್ಟಿದ, ಬೆರಳು ಮೂಸಿದ, ನಿಧಾನವಾಗಿ ಕೊಳ್ಳದ ಕಡೆ ತಿರುಗಿದ. ಆ ಬೆರಳು ಇವತ್ತಿಗೂ ನನ್ನ ಕಣ್ಣೊಳಗಿದೆ. ದನಗಳನ್ನೆಲ್ಲ ಹೊಡೆದುಕೊಂಡು ಹೋದರು. ಅಡ್ಡ ಬಂದ ಅಪ್ಪನ ತೋಳು ಬಂದೂಕಿನ ಹಿಡಿಯೇಟಿಗೆ ಮುರಿಯಿತು. ನಡೆಯಲಾರದ ಕರು ಮಾತ್ರ ಉಳಿಯಿತು.

ಮರುದಿನ ಮೌಲಾಸಾಬ ಬಂದಾಗ ಅಪ್ಪ ಉಪ್ಪಿನ ಗಂಟನ್ನು ಕಾಲಿಂದ ಒದ್ದ. “ನಿನಗೊಬ್ಬಗ ಗೊತ್ತಿತ್ತು.”

“ಖುದಾನ ಆಣಿ ಮಲ್ಲಣ್ಣಾ, ನಾ ಬಾಯಿ ಬಿಟ್ಟಿಲ್ಲ.”

“ನಡಿ ಇಲ್ಲಿಂದ.”

ಅವನು ಚೆಲ್ಲಿದ ಉಪ್ಪನ್ನು ಬಳಿದು ಕಟ್ಟಿಕೊಂಡ. ಹೋಗುತ್ತ ನನ್ನ ಬಳಿ ಬಾಗಿ ಮೆಲ್ಲಗೆ ಕೇಳಿದ: “ಕರು ಹೆಣ್ಣೇನ, ಬೇಟಿ?” ಕೆಂದಿ ಈದದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ದಾರಿಯಲ್ಲಿ ಹೋರಿಯ ಬೆನ್ನಿನ ಹಳದಿ ಕಲೆಯನ್ನೂ ಅದಕ್ಕೆ ಮುತ್ತಿದ ಇರುವೆಗಳನ್ನೂ ನೋಡಿ ತಿಳಿದುಕೊಂಡಿದ್ದ. ಹಾಲೆರೆದದ್ದು ನಾನೆಂದು ಅಪ್ಪನಿಗೆ ಒಂದು ಮಾತು ಅಂದಿದ್ದರೆ ಅವನು ಪಾರಾಗುತ್ತಿದ್ದ. ನಾನು ಹೌದೆಂದು ತಲೆಯಾಡಿಸಿದೆ. “ಉಳೀಲಿ,” ಅಂದು ಹೊರಟುಹೋದ.

ತಾಯಿಯಿಲ್ಲದ ಕರು ಮೂರೇ ದಿನ ಉಳಿಯಿತು. ಅಪ್ಪ ಸಾಯುವವರೆಗೂ ಮೌಲಾಸಾಬನ ಹೆಸರು ಬಂದರೆ ಎದ್ದು ಹೋಗುತ್ತಿದ್ದ, ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ. ಈಗ ಆ ದಾರಿಯಲ್ಲಿ ದನಗಳಿಲ್ಲ. ಹೋದ ವರ್ಷ ಹೋರಿಯ ಬೆನ್ನು ಮುಟ್ಟಿ ನೋಡಿದೆ. ಒಣಗಿ ಒರಟಾಗಿತ್ತು. ಆದರೂ ಬೆರಳು ಮೂಸಿದೆ.